ಪ್ರದಕ್ಷಿಣೆಯೇ ಪಥ್ಯ

ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಹೊರಟವರಿಗೆ ತುಮಕೂರು ದಾಟಿ ತಿಪಟೂರು ಸಮೀಪಿಸುತ್ತಿದ್ದಂತೆ ಕಿಟಕಿಯ ಹೊರಗೆ ತೆಂಗಿನ ತೋಟಗಳು ಸಾಲುಗಟ್ಟುತ್ತವೆ. ಆ ಸಾಲು ಮುಗಿಯುವ ಮೊದಲೇ ಅರಸೀಕೆರೆ ಬರುತ್ತದೆ. ಬೆಂಗಳೂರಿಗೆ ಸುಮಾರು 165 ಕಿಲೋಮೀಟರು ದೂರದ ಈ ಜಂಕ್ಷನ್ನಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹುಬ್ಬಳ್ಳಿಯ ಕಡೆಗೆ ಸಾಗಿದರೆ, ಇನ್ನೊಂದು ಹಾಸನ, ಸಕಲೇಶಪುರಗಳ ಮೇಲಾಗಿ ಮಂಗಳೂರಿಗೆ ಇಳಿಯುತ್ತದೆ. ಹೆಚ್ಚಿನವರಿಗೆ ಅರಸೀಕೆರೆಯೆಂದರೆ ರೈಲು ನಿಂತಾಗ ಕಾಫಿ ಕುಡಿಯುವ ಊರು ಮಾತ್ರ.

ಅಂಥ ರೈಲಿನಲ್ಲಿ ಕುಳಿತ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಐವತ್ತರ ಅಂಚಿನಲ್ಲಿದ್ದಾರೆ. ರಕ್ತದಲ್ಲಿನ ಸಕ್ಕರೆ ಗಡಿಗೆ ಬಂದು ನಿಂತಿದೆಯೆಂದೂ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನು ಮೀರಿದೆಯೆಂದೂ ವೈದ್ಯರು ಎಚ್ಚರಿಸಿದ್ದಾರೆ. ಅಂದಿನಿಂದ ಅವರು ಅನ್ನ ಬಿಟ್ಟರು, ರಾತ್ರಿಯೂಟ ಬಿಟ್ಟರು. ಬಿಡದೆ ಉಳಿದುದು ಕಚೇರಿಯ ಕುರ್ಚಿಯೊಂದೇ. ಪತ್ನಿಯದು ಬೇರೊಂದು ಬಗೆ. ವಾರದಲ್ಲಿ ಎರಡು ದಿನ ಉಪವಾಸ. ಉಳಿದ ದಿನಗಳಲ್ಲಿ ಎಲ್ಲರ ಊಟವಾದ ಮೇಲೆ, ಪಾತ್ರೆಯಲ್ಲಿ ಉಳಿದುದು ಹಾಳಾಗಬಾರದೆಂದು ತಮ್ಮ ತಟ್ಟೆಗೇ ಸುರಿದುಕೊಳ್ಳುವ ಅಭ್ಯಾಸ. ಒಂದು ತಿಂಗಳಲ್ಲಿ ಮೂರು ಕಿಲೋ ಇಳಿದ ತೂಕ ಮರುತಿಂಗಳು ನಾಲ್ಕು ಕಿಲೋ ಏರಿತು. ತಲೆಸುತ್ತು ಮತ್ತು ಸಿಡುಕು ಮಾತ್ರ ಏರಿದಲ್ಲಿಯೇ ಉಳಿದವು. ಇಂಥ ಮನೆಗಳು ಇಂದು ಯಾವ ಬೀದಿಯಲ್ಲಿಲ್ಲ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನ ಮಧುಮೇಹಿಗಳಿದ್ದಾರೆ; ವಯಸ್ಕರಲ್ಲಿ ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ.

ಈ ದಂಪತಿಗಳು ಹಾಸನ ಜಿಲ್ಲೆಗೆ ಹೊರಟಿರುವುದು ಶಿಲ್ಪವನ್ನು ನೋಡಲು. ಆದರೆ ಆ ಜಿಲ್ಲೆಯ ಹೆಸರು 2025ರ ಬೇಸಗೆಯ ಕೊನೆಯಲ್ಲಿ ಬೇರೊಂದು ಕಾರಣಕ್ಕಾಗಿ ಮನೆಮನೆಯ ಮಾತಾಗಿತ್ತು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಹೆದರಿದ ಜನ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಬಂದ ವರದಿ, ಸಾವುಗಳಲ್ಲಿ ಅಸಹಜವಾದ ಏರಿಕೆಯೇನೂ ಇಲ್ಲವೆಂದು ತಿಳಿಸಿತು. ಯಾವ ಹೊಸ ಮಾರಿಯೂ ಊರಿಗೆ ಬಂದಿರಲಿಲ್ಲ. ಕಾಣಿಸಿಕೊಂಡವರು ಹಳೆಯ ಪರಿಚಿತರೇ: ಮಧುಮೇಹ, ರಕ್ತದೊತ್ತಡ, ಬೊಜ್ಜು, ಧೂಮಪಾನ. ಮೃತರಲ್ಲಿ ಆಟೋ ಮತ್ತು ಟ್ಯಾಕ್ಸಿ ಚಾಲಕರು ಹಲವರಿದ್ದುದು ಎಲ್ಲರ ಗಮನವನ್ನೂ ಸೆಳೆಯಿತು. ದಿನವಿಡೀ ಕುಳಿತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ನಿದ್ರೆಗೆಟ್ಟು ದುಡಿಯುವ ಬಾಳು ಅದು. ಮಾರಿಯಾಗಿದ್ದರೆ ಒಂದು ಜಾತ್ರೆ ಮಾಡಿ ಕಳುಹಿಸಬಹುದಾಗಿತ್ತು. ದಿನನಿತ್ಯದ ರೂಢಿಯಿಂದ ಬಂದುದನ್ನು ಒಂದು ದಿನದ ಜಾತ್ರೆಯಿಂದ ಕಳುಹಿಸಲಾಗದು.

ಅರಸೀಕೆರೆಯಲ್ಲಿ ಇಳಿದವರು ಆಟೋ ಕರೆಯದೆ ನಡೆದೇ ಶಿವಾಲಯವನ್ನು ಸೇರಬಹುದು. 1220ರಲ್ಲಿ ಕಟ್ಟಿದ ಈ ಈಶ್ವರ ದೇವಾಲಯದ ಮುಂದೆ ನಕ್ಷತ್ರದಾಕಾರದ ತೆರೆದ ಮಂಟಪವಿದೆ. ಹೊಯ್ಸಳರ ಕಟ್ಟಡಗಳಲ್ಲಿಯೇ ಇದು ಅಪರೂಪದ್ದು. ಕೋನಕೋನವಾಗಿ ಮುಂದಕ್ಕೂ ಹಿಂದಕ್ಕೂ ಸರಿಯುವ ಗೋಡೆಯನ್ನು ನಿಂತಲ್ಲಿಂದ ನೋಡಿ ಮುಗಿಸಲಾಗುವುದಿಲ್ಲ, ಕಾಲು ಸುತ್ತಲೇಬೇಕು. ಇನ್ನೂ ಉತ್ಸಾಹವಿದ್ದವರಿಗೆ ಪಟ್ಟಣದ ಬಳಿಯಲ್ಲಿಯೇ ಮಾಲೇಕಲ್ಲು ತಿರುಪತಿಯ ಬೆಟ್ಟವಿದೆ. ಮೆಟ್ಟಿಲೇರಿದವರಿಗೆ ಮೇಲೆ ವೆಂಕಟರಮಣನ ದರ್ಶನ, ಕೆಳಗೆ ಹಸಿರು ಹಾಸಿದಂತೆ ತೆಂಗಿನ ನಾಡಿನ ನೋಟ.

ತೆಂಗು ಈ ಸೀಮೆಯ ಕಲ್ಪವೃಕ್ಷ. ಅದೇ ಇಲ್ಲಿಯ ಮೊದಲ ಪಾಠವೂ ಹೌದು. ನೂರು ಮಿಲಿಲೀಟರು ಎಳನೀರಿನಲ್ಲಿ ಸುಮಾರು 20 ಕ್ಯಾಲೊರಿ. ನೂರು ಗ್ರಾಂ ಒಣ ಕೊಬ್ಬರಿಯಲ್ಲಿ 600ಕ್ಕೂ ಮೀರಿ. ಒಂದೇ ಮರ, ಒಂದೇ ಕಾಯಿ. ಆದರೆ ಬಾಯಾರಿದವನಿಗೆ ಎಳನೀರು ಸಾಕಾಗಿರುವಾಗ ಕೊಬ್ಬರಿ ಮಿಠಾಯಿ ಮೆಲ್ಲುವುದು ಮರದ ತಪ್ಪಲ್ಲ. ಹಾಗೆಂದು ಕೊಬ್ಬರಿಯನ್ನು ಶತ್ರುವೆಂದು ಮನೆಯಿಂದ ಅಟ್ಟಬೇಕಾಗಿಯೂ ಇಲ್ಲ. ಸಾರಿನ ಮಸಾಲೆಗೆ ಒಂದು ಹಿಡಿ ತುರಿ ಬೀಳಲಿ. ಪೂರ್ಣವಾಗಿ ನಿಷೇಧಿಸಿದ ತಿನಿಸು ಕನಸಿನಲ್ಲಿಯೂ ಕಾಡುತ್ತದೆ. ಅಳತೆಯಲ್ಲಿಟ್ಟುದು ಮನೆಯವರಂತೆ ಇರುತ್ತದೆ.

ಅರಸೀಕೆರೆಯಿಂದ ಜಾವಗಲ್ಲಿನ ಮೇಲಾಗಿ ಬಸ್ಸು ಹಳೇಬೀಡನ್ನು ತಲುಪುವ ಹೊತ್ತಿಗೆ ಬಿಸಿಲು ಏರಿರುತ್ತದೆ. ದೋರಸಮುದ್ರದ ಕೆರೆ ಹೊಳೆಯುತ್ತಿರುತ್ತದೆ. 1121ರ ಸುಮಾರಿಗೆ ಕೆಲಸ ಆರಂಭವಾದ ಹೊಯ್ಸಳೇಶ್ವರ ದೇವಾಲಯದಲ್ಲಿ ಚಪ್ಪಲಿ ಕಳಚಿ ಜಗಲಿಯನ್ನೇರಿದರೆ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ, ಅದಕ್ಕೂ ಮೇಲೆ ರಾಮಾಯಣ ಮಹಾಭಾರತಗಳ ಕಥೆಗಳು. ಆನೆಗಳ ಜೊತೆಯಲ್ಲಿ ಹೊರಟವರು ಆನೆಗಳ ಜೊತೆಯಲ್ಲಿಯೇ ಇಡೀ ಗುಡಿಯನ್ನು ಸುತ್ತಿ ಬರುತ್ತಾರೆ. ಕಥೆ ಮುಂದೇನಾಯಿತೆಂಬ ಕುತೂಹಲದಲ್ಲಿ ಕಾಲಿಗೆ ದಣಿವು ತಿಳಿಯುವುದಿಲ್ಲ. ಅಲ್ಲಿಂದ ಬಸ್ತಿಹಳ್ಳಿಯ ಮೂರು ಜೈನ ಬಸದಿಗಳಿಗೂ ಕೇದಾರೇಶ್ವರ ದೇವಾಲಯಕ್ಕೂ ನಡೆದೇ ಹೋಗಬಹುದು. ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ನೋಡುವವರ ನೆರಳು ಕನ್ನಡಿಯಲ್ಲಿಯಂತೆ ಮೂಡುತ್ತದೆ. ಯಜಮಾನರು ಅಲ್ಲಿ ತಮ್ಮ ಹೊಟ್ಟೆಯ ಪ್ರತಿಬಿಂಬವನ್ನು ಕಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ಆಶ್ಚರ್ಯವಿಲ್ಲ.

ಹೊಯ್ಸಳೇಶ್ವರದ ಗೋಡೆಯಲ್ಲಿ ಅವರಿಗೊಂದು ಸಮಾಧಾನವೂ ಇದೆ. ತಮ್ಮ ಬೊಜ್ಜಿಗೆ ಲಂಬೋದರನನ್ನು ಸಾಕ್ಷಿಗೆ ಕರೆಯುವವರು ಬಹಳ. ಆದರೆ ಇಲ್ಲಿಯ ಗಣಪತಿ ಕುಣಿಯುತ್ತಿದ್ದಾನೆ! ಇಲ್ಲಿಯ ನರ್ತಕಿಯರೂ ಮೈತುಂಬಿದವರೇ. ಇಂದಿನ ಜಾಹೀರಾತುಗಳ ಕಡ್ಡಿಯಂಥ ದೇಹವನ್ನು ಇಲ್ಲಿ ಹುಡುಕಿದರೆ ಸಿಗದು. ಮೈಯಲ್ಲಿ ಚಲನೆ ಇರಬೇಕೆಂಬುದನ್ನು ಮಾತ್ರ ಈ ಕಲ್ಲುಗಳು ಒತ್ತಿ ಹೇಳುತ್ತವೆ. ವೈದ್ಯಶಾಸ್ತ್ರವೂ ಇದಕ್ಕೆ ದೂರವಿಲ್ಲ. ಚೆನ್ನೈಯ ವೈದ್ಯರು ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನವೂ ನಡೆದು, ಊಟದಲ್ಲಿ ಸಕ್ಕರೆ, ಎಣ್ಣೆಗಳನ್ನು ಮಿತಗೊಳಿಸಿದವರಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇಕಡಾ 28.5ರಷ್ಟು ತಗ್ಗಿತ್ತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದಾಗಲೂ ಒಳಗಿನ ಕೆಲಸ ನಡೆಯುತ್ತಲೇ ಇತ್ತು.

ಮಧ್ಯಾಹ್ನದ ಊಟಕ್ಕೆ ಊರಿನ ಒಂದು ಸಣ್ಣ ಖಾನಾವಳಿ. ಹಬೆಯಾಡುವ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ವಾರಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಯಜಮಾನರು ಕಣ್ಣುಮುಚ್ಚಿ ನುಂಗುತ್ತಾರೆ.

“ಇನ್ನೊಂದ್ ಮುದ್ದೆ ಹಾಕ್ಲಾ ಅಣ್ಣಾ?” ಎಂದು ಬಡಿಸುವಾಕೆ ಕೇಳುತ್ತಾಳೆ.

“ಬೇಡಮ್ಮ, ಪಲ್ಯ ಇನ್ನೊಂದು ಸೌಟು ಹಾಕಿ,” ಎನ್ನುತ್ತಾರೆ ಅವರು, ಸ್ವಲ್ಪ ಪ್ರಯಾಸದಿಂದ.

ಆ ದಿನದ ಅತ್ಯಂತ ದೊಡ್ಡ ಪಥ್ಯ ನಡೆದದ್ದು ಆ ಒಂದು ಮಾತಿನಲ್ಲಿ. ರಾಗಿ ಬೊಜ್ಜನ್ನು ಕರಗಿಸುವ ಮಂತ್ರದ ಕಾಳಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿಯಿದೆ, ಅಕ್ಕಿಯಲ್ಲಿ 356. ಅಂತರ ದೊಡ್ಡದಲ್ಲ. ಆದರೆ ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ನಾರು, ಕಾಳು, ಸೊಪ್ಪು ಕೂಡಿದ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ನಾಲ್ಕು ಗಂಟೆಗೆ ಬೋಂಡಾದ ನೆನಪು ಬರುವುದಿಲ್ಲ. ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯನ್ನು ನಗರದವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಹಿಟ್ಟು ತಿನ್ನುವುದನ್ನು ನೆನಪಿಟ್ಟುಕೊಂಡು ಬೆಟ್ಟ ಕೀಳುವುದನ್ನು ಮರೆತರೆ ರಾಗಿಯೂ ಬೊಜ್ಜಾಗುತ್ತದೆ. ಅಮ್ಮನವರ ಪಾಲಿಗೂ ಈ ಊಟದಲ್ಲಿ ಒಂದು ಪಾಠವಿದೆ. ಇಲ್ಲಿ ಅವರು ಪತಿಯ ಪಕ್ಕದಲ್ಲಿ ಕುಳಿತು, ಬಿಸಿಯಾಗಿರುವಾಗಲೇ, ತಮ್ಮ ಹಸಿವಿನ ಅಳತೆಗೆ ಉಣ್ಣುತ್ತಾರೆ. ಮನೆಯಲ್ಲಿಯೂ ಹಾಗೆಯೇ ಎಲ್ಲರೊಡನೆ ಕುಳಿತರೆ, ಉಳಿದುದನ್ನು ತುಂಬುವ ಪಾತ್ರೆ ಅವರ ಹೊಟ್ಟೆಯಾಗಬೇಕಿಲ್ಲ.

ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರು. ಸಂಜೆಯ ಬಿಸಿಲಿನಲ್ಲಿ ಚೆನ್ನಕೇಶವನ ಗುಡಿಯ ಜಗಲಿಯ ಕಲ್ಲು ಹಿತವಾಗಿ ಬೆಚ್ಚಗಿರುತ್ತದೆ. ಸೂರಿನ ಕೆಳಗಿನ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಇಲ್ಲಿಯೂ ಪ್ರದಕ್ಷಿಣೆ. ಗುಡಿಯ ಕಲ್ಲು ಗಣಿಯಿಂದ ತೆಗೆದಾಗ ಮೃದುವಾದ ಬಳಪದ ಕಲ್ಲು. ಆದರೂ ಮದನಿಕೆಯ ಬಳೆಯೊಂದನ್ನು ಬಿಡಿಸಲು ಸಣ್ಣ ಉಳಿಯ ಎಷ್ಟು ಏಟುಗಳು ಬೇಕಾದುವೋ! ಅವಸರದ ಒಂದು ದೊಡ್ಡ ಏಟಿಗೆ ಬಳೆ ಮೂಡುವುದಿಲ್ಲ, ಕೈ ಮುರಿಯುತ್ತದೆ.

ದಿನದ ಲೆಕ್ಕವನ್ನು ಇಲ್ಲಿ ಕುಳಿತು ಮಾಡಬಹುದು. ಬೆಳಗಿನಿಂದ ಈ ದಂಪತಿಗಳು ಆರು ಕಿಲೋಮೀಟರು ನಡೆದಿದ್ದರೆ ಸುಮಾರು 300 ಕ್ಯಾಲೊರಿ ವ್ಯಯವಾಗಿರುತ್ತದೆ. ಒಂದು ಕಿಲೋ ಬೊಜ್ಜಿನಲ್ಲಿ 7,700 ಕ್ಯಾಲೊರಿಯಷ್ಟು ಶಕ್ತಿ ಅಡಗಿದೆ. ಅಂದರೆ ಇಡೀ ಯಾತ್ರೆಯ ಫಲ ಹೆಚ್ಚೆಂದರೆ ನಲವತ್ತು ಗ್ರಾಂ! ಇಷ್ಟೇ ಎಂದು ನಿರಾಶರಾಗುವವರೇ ಮರುದಿನ ಊಟ ಬಿಡುತ್ತಾರೆ. ಊಟ ಬಿಟ್ಟ ದೇಹವೋ ಬರಗಾಲ ಬಂದಿತೆಂದು ತಿಳಿದು ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಪಥ್ಯ ಸಡಿಲವಾದ ಕೂಡಲೇ ಕಳೆದುಕೊಂಡುದನ್ನು ಬಡ್ಡಿ ಸಮೇತ ವಸೂಲು ಮಾಡುತ್ತದೆ. ಮಧುಮೇಹಕ್ಕೆ ಔಷಧ ಸೇವಿಸುವವರಂತೂ ವೈದ್ಯರನ್ನು ಕೇಳದೆ ಊಟ ಬಿಡುವುದು ಅಪಾಯ. ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆ, ವಾರದಲ್ಲಿ ಐದು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಕನಿಷ್ಠ 150 ನಿಮಿಷಗಳು ಅಲ್ಲಿಗೆ ಸರಿಹೋಗುತ್ತವೆ. ಅದರೊಡನೆ ಕಾಫಿಗೆ ಅರ್ಧ ಚಮಚ ಸಕ್ಕರೆ ಕಡಿಮೆ, ಎರಡನೆಯ ಬಾರಿಯ ಅನ್ನದ ಬದಲು ಪಲ್ಯ, ರಾತ್ರಿ ಬೇಗ ಊಟ, ಬೇಗ ನಿದ್ರೆ. ಎಂಬತ್ತು ಕಿಲೋ ತೂಗುವವರು ವರ್ಷದಲ್ಲಿ ನಾಲ್ಕೈದು ಕಿಲೋ ಇಳಿದರೂ ರಕ್ತದೊತ್ತಡಕ್ಕೂ ಸಕ್ಕರೆಗೂ ಅದರ ಪ್ರಯೋಜನ ಕಾಣಿಸುತ್ತದೆ.

ಅಷ್ಟರಲ್ಲಿ ಗುಡಿಯೊಳಗಿನಿಂದ ಗಂಟೆಯ ಸದ್ದು ಕೇಳುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. 2023ರಲ್ಲಿ ಈ ದೇವಾಲಯವೂ ಹಳೇಬೀಡು, ಸೋಮನಾಥಪುರಗಳ ದೇವಾಲಯಗಳೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಲೋಕವೆಲ್ಲ ಇತ್ತ ತಿರುಗಿತು. ಚೈತ್ರದ ರಥೋತ್ಸವಕ್ಕೆ ಸಾವಿರಾರು ಜನ ಕೂಡುತ್ತಾರೆ. ಆದರೆ ಜನವಿಲ್ಲದ ದಿನವೂ, ಮಳೆಯ ದಿನವೂ ಯಾರೋ ಬಂದು ಬಾಗಿಲು ತೆರೆದು, ಗರ್ಭಗುಡಿ ಗುಡಿಸಿ, ದೀಪ ಹಚ್ಚಿದುದರಿಂದಲೇ ಇದು ಬದುಕಿರುವ ಗುಡಿಯಾಗಿ ಉಳಿಯಿತು. ದೇಹವೆಂಬ ಗುಡಿಗೂ ಬೇಕಾದುದು ಇಂಥ ನಿತ್ಯಪೂಜೆಯೇ.

ರಾತ್ರಿ ಅರಸೀಕೆರೆಯ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಅರ್ಧ ಗಂಟೆಯಿರುತ್ತದೆ. ಪ್ಲಾಟ್‌ಫಾರಮ್ಮಿನ ಬೆಂಚು ಖಾಲಿಯಾಗಿಯೇ ಇದೆ. ಅಮ್ಮನವರು ಕುಳಿತುಕೊಳ್ಳಲು ಹೋದವರು ಯಜಮಾನರ ಕಡೆಗೆ ನೋಡುತ್ತಾರೆ.

“ರೀ, ಆ ತುದಿಯವರೆಗೆ ಹೋಗಿ ಬರೋಣವೇ?”

ಇಬ್ಬರೂ ಚೀಲವನ್ನು ಕೈಗೆತ್ತಿಕೊಂಡು ಹೆಜ್ಜೆ ಹಾಕುತ್ತಾರೆ.