ಕೊನೆಯ ಲಾಂಚಿನ ಊರು

ನಮ್ಮ ಅಂಬರನಾಥದವರಿಗೆ ದೂರದ ವಿಷಯದಲ್ಲಿ ಒಂದು ಗುಟ್ಟಿನ ಜಂಬ ಉಂಟು. ಸಿಎಸ್‌ಎಂಟಿಯಿಂದ ಲೆಕ್ಕ ಹಾಕಿದರೆ 60 ಕಿಲೋಮೀಟರು. ಕಲ್ಯಾಣ ದಾಟಿ, ವಿಠ್ಠಲವಾಡಿ, ಉಲ್ಲಾಸನಗರ ಕಳೆದು ನಮ್ಮ ಸ್ಟೇಷನ್ ಬರುವಷ್ಟರಲ್ಲಿ ಕಿಟಕಿ ಪಕ್ಕದವನು ಎರಡು ನಿದ್ದೆ ತೆಗೆದಿರುತ್ತಾನೆ. ದಾದರಿನ ನೆಂಟರಂತೂ ‘ಅಷ್ಟು ದೂರ ಯಾರ್ರೀ ಬರ್ತಾರೆ’ ಎಂದು ಸತ್ಯನಾರಾಯಣ ಪೂಜೆಯ ಪ್ರಸಾದವನ್ನೂ ಬಿಟ್ಟುಕೊಡುತ್ತಾರೆ. ಆದರೆ ಈ ದೂರ ಬರೀ ಬಾಯಿಮಾತಿನದು. 1920ರ ದಶಕದಲ್ಲೇ ಇಲ್ಲಿ ವಿಮ್ಕೋದ ಬೆಂಕಿಪೆಟ್ಟಿಗೆ ಕಾರ್ಖಾನೆ ಬಂದಿತ್ತು. ಆಮೇಲೆ ಆರ್ಡ್‌ನನ್ಸ್ ಫ್ಯಾಕ್ಟರಿ, ಮೋರಿವಲಿಯ ಎಂಐಡಿಸಿ. ರಾತ್ರಿ ಎಷ್ಟು ಹೊತ್ತಾದರೂ ಕರ್ಜತ್ ಗಾಡಿಯೊಂದು ನಮ್ಮನ್ನು ತಂದು ಮನೆ ಹತ್ತಿರ ಇಳಿಸುತ್ತದೆ.

ನಿಜವಾಗಿ ದೂರ ಇರುವ ಊರು ಬೇರೆ. ಅದು ಗೇಟ್‌ವೇ ಆಫ್ ಇಂಡಿಯಾದಿಂದ ಹನ್ನೊಂದೇ ಕಿಲೋಮೀಟರು. ಹೆಸರು ಘಾರಾಪುರಿ. ಎಲಿಫೆಂಟಾ ಎಂದರೆ ಎಲ್ಲರಿಗೂ ಗೊತ್ತು. ಘಾರಾಪುರಿ ಎಂದರೆ ‘ಅದೆಲ್ಲಿ?’ ಅನ್ನುತ್ತಾರೆ. ಗುಹೆ ನೋಡಿ ಬಂದವರು ಲಕ್ಷಾಂತರ ಜನ, ಅಲ್ಲಿ ಊರಿದೆ ಎಂದು ಕಂಡವರು ಬಹಳ ಕಡಿಮೆ.

ಇದನ್ನು ನನಗೆ ಕಾಣಿಸಿದವರು ಸಾಗರದ ತುಮರಿ ಕಡೆಯಿಂದ ಬಂದಿದ್ದ ಭಾವ. ಶರಾವತಿಯ ಹಿನ್ನೀರು ಊರನ್ನು ಸುತ್ತುವರಿದ ಮೇಲೆ ಹುಟ್ಟಿ, ಲಾಂಚಿನಲ್ಲೇ ಮದುವೆ ದಿಬ್ಬಣ, ಅಡಿಕೆ ಮೂಟೆ, ಬಸುರಿ ಬಾಣಂತಿಯರನ್ನೆಲ್ಲ ಸಾಗಿಸಿದ ಜೀವ. 2025ರ ಜುಲೈ 14ರಂದು ಸಿಗಂದೂರಿನ ಸೇತುವೆ ಉದ್ಘಾಟನೆ ಆಯಿತು, ಲಾಂಚಿನ ಕಾಲ ಮುಗಿಯಿತು. ಅಭ್ಯಾಸ ಮಾತ್ರ ಮುಗಿಯಲಿಲ್ಲ. ಗೇಟ್‌ವೇಯಲ್ಲಿ ದೋಣಿ ಹತ್ತುವ ಮುಂಚೆ, ಹಿಂದೆ ತಾಜ್ ಹೋಟೆಲ್ಲು ಅಷ್ಟು ಚೆಂದಕ್ಕೆ ನಿಂತಿದ್ದರೂ ಅತ್ತ ತಿರುಗಿಯೂ ನೋಡದೆ ಭಾವ ಕೇಳಿದ ಪ್ರಶ್ನೆ ಒಂದೇ: “ವಾಪಸು ಬರಲಿಕ್ಕೆ ಕೊನೇ ಲಾಂಚ್ ಎಷ್ಟೊತ್ತಿಗೆ ಮಾರಾಯ?”

ಸಂಜೆ, ಹೊತ್ತು ಮುಳುಗುವ ಮುಂಚೆ ಅಂದೆ.

“ಹಾಗಾದರೆ ಅಲ್ಲಿಯವರು ರಾತ್ರಿ ಏನು ಮಾಡ್ತಾರೆ?”

ಇಷ್ಟು ವರ್ಷ ಮುಂಬಯಿಯಲ್ಲಿದ್ದು ನನಗೆ ಹೊಳೆಯದ ಪ್ರಶ್ನೆ ಅದು.

ದೋಣಿಯಲ್ಲಿ ಈಗ ಎಲ್ಲರೂ ಲೈಫ್ ಜಾಕೆಟ್ ತೊಡಬೇಕು. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ನೌಕಾಪಡೆಯ ವೇಗದೋಣಿ ಬಡಿದು ಪ್ರವಾಸಿಗರ ದೋಣಿ ಮುಳುಗಿತು, ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ನಮಗೆ ಅದು ಪೇಪರಿನ ಸುದ್ದಿ. ಘಾರಾಪುರಿಯವರಿಗೆ ತಮ್ಮ ಊರ ರಸ್ತೆಯ ಮೇಲಿನ ಅಪಘಾತ.

ಒಂದು ತಾಸಿನ ಪ್ರಯಾಣ. ಇಳಿಯುವುದು ಶೇತಬಂದರದ ಧಕ್ಕೆಯಲ್ಲಿ. ಉದ್ದನೆಯ ಧಕ್ಕೆಯ ಮೇಲೆ ಮಕ್ಕಳಾಟದ ಹಾಗೆ ಒಂದು ಪುಟಾಣಿ ರೈಲು. ಮುಂದೆ ನೂರಿಪ್ಪತ್ತರಷ್ಟು ಮೆಟ್ಟಿಲು. ಹತ್ತಲಾಗದವರಿಗೆ ಕುರ್ಚಿ ಕಟ್ಟಿದ ಡೋಲಿ, ಹೊರಲು ನಾಲ್ಕು ಜನ. ಮೆಟ್ಟಿಲಿನ ಎರಡೂ ಕಡೆ ನೀಲಿ ತಾಡಪಾಲಿನ ಕೆಳಗೆ ಅಂಗಡಿಗಳ ಸಾಲು: ಸರ, ಟೋಪಿ, ಕಲ್ಲಿನ ಆನೆ, ಬುದ್ಧ, ಗಣಪತಿ. ನಡುನಡುವೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು. ಮಾವಿನಕಾಯಿಯನ್ನು ಹೂವಿನ ಹಾಗೆ ಕೊಯ್ದು, ಉಪ್ಪುಖಾರ ತುಂಬಿ ಕೈಗೆ ಕೊಡುತ್ತಾರೆ. ಅದನ್ನು ಬಾಯಿಗಿಡುವ ಯೋಗ ನಿಮಗಿದೆಯೋ ಮಂಗಕ್ಕಿದೆಯೋ ಎಂಬುದು ಮುಂದಿನ ನಾಲ್ಕು ಮೆಟ್ಟಿಲಲ್ಲಿ ತೀರ್ಮಾನವಾಗುತ್ತದೆ. ನಮ್ಮ ಮುಂದಿದ್ದವನ ತಂಪುಪಾನೀಯದ ಬಾಟಲಿಯನ್ನು ಕಸಿದುಕೊಂಡ ಒಂದು ಗಡವ, ಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಬುಡ ಹಿಡಿದು ಬಲಗೈಯಲ್ಲಿ ಮುಚ್ಚಳ ತಿರುಗಿಸಿ, ನೊರೆ ಇಳಿಯುವ ತನಕ ಕಾದು ಕುಡಿಯಿತು. ಆ ತಾಳ್ಮೆ ನನ್ನ ಮೊಮ್ಮಗನಿಗಿಲ್ಲ.

ಗುಹೆಯ ವಿಷಯ ಹೆಚ್ಚು ಹೇಳುವುದಿಲ್ಲ. ಮೂರು ಮುಖದ ಆ ಸದಾಶಿವನ ಎದುರು ನಿಂತವರಿಗೆ ಹೇಳುವ ಅಗತ್ಯವಿಲ್ಲ, ನಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮವರಿಗೆ ಹಿಡಿಸುವ ಸಂಗತಿ ಒಂದಿದೆ. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ನೂರಾರು ಹಡಗುಗಳಲ್ಲಿ ಹೋಗಿ ಪಡುಗಡಲಿನ ‘ಪುರಿ’ಗೆ ಮುತ್ತಿಗೆ ಹಾಕಿದನೆಂದು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನಲ್ಲ, ಆ ಪುರಿ ಇದೇ ಎನ್ನುವ ವಿದ್ವಾಂಸರಿದ್ದಾರೆ; ಅಲ್ಲ ಎನ್ನುವವರೂ ಇದ್ದಾರೆ. ಭಾವನ ಪಕ್ಷ ಮೊದಲನೆಯದು. ಬಾದಾಮಿಯವರು ಬಂದಿದ್ದ ಜಾಗ ಎಂದ ಮೇಲೆ ಅವರ ನಡಿಗೆಯೇ ಬದಲಾಯಿತು.

ಪೋರ್ಚುಗೀಸರು ದ್ವೀಪಕ್ಕೆ ಹೆಸರಿಟ್ಟದ್ದು ದಡದಲ್ಲಿ ನಿಂತಿದ್ದ ಒಂದು ಕಲ್ಲಾನೆಯನ್ನು ನೋಡಿ. 1864ರಲ್ಲಿ ಬ್ರಿಟಿಷರು ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಕ್ರೇನು ಮುರಿದು ಆನೆ ಒಡೆಯಿತು. ತುಂಡುಗಳನ್ನು ಕೂಡಿಸಿ ನಿಲ್ಲಿಸಿದ್ದು ಬೈಕಲ್ಲಾದಲ್ಲಿ. ಇವತ್ತಿಗೂ ಭಾವು ದಾಜಿ ಲಾಡ್ ಮ್ಯೂಸಿಯಂ ಅಂಗಳದಲ್ಲಿದೆ. ನಾನು ವರ್ಷಗಟ್ಟಲೆ ಬೈಕಲ್ಲಾದಲ್ಲಿ ಇಳಿದು ಹತ್ತಿದವನು. ಘಾರಾಪುರಿಯಿಂದ ಶಹರಕ್ಕೆ ಹೋಗಿ ವಾಪಸು ಬಾರದವರ ಪಟ್ಟಿಯಲ್ಲಿ ಮೊದಲ ಹೆಸರು ಆ ಆನೆಯದು.

ಊರು ಇರುವುದು ಮೂರು ತುಂಡಾಗಿ: ಶೇತಬಂದರ, ರಾಜಬಂದರ, ಮೋರಾಬಂದರ. ಎಲ್ಲ ಸೇರಿ ಸಾವಿರದ ಇನ್ನೂರರ ಆಸುಪಾಸು ಜನ. ಮುಂಬಯಿ ಕಣ್ಣೆದುರಿಗೇ ಇದ್ದರೂ ಊರು ಸೇರುವುದು ರಾಯಗಡ ಜಿಲ್ಲೆಯ ಉರಣ ತಾಲೂಕಿಗೆ. ಮೀನು ಹಿಡಿಯುವುದು, ದೋಣಿ ರಿಪೇರಿ, ಪ್ರವಾಸಿಗರ ವ್ಯಾಪಾರ, ಇಷ್ಟೇ ಜೀವನೋಪಾಯ. ಸಮುದ್ರದ ಆಚೆ 1989ರಿಂದ ಜೆಎನ್‌ಪಿಟಿ ಬಂದರಿನ ಕ್ರೇನುಗಳು ರಾತ್ರಿಯಿಡೀ ದೀಪ ಹೊತ್ತಿಸಿಕೊಂಡು ದುಡಿಯುತ್ತವೆ. ಈಚೆ ಘಾರಾಪುರಿಯಲ್ಲಿ ಮೊದಲೆಲ್ಲ ಸಂಜೆ ಮೂರು ತಾಸು ಜನರೇಟರ್ ಓಡಿದರೆ ಅದೇ ಬೆಳಕಾಗಿತ್ತು. ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರು ಕೇಬಲ್ ಎಳೆದು ಕರೆಂಟು ಕೊಟ್ಟದ್ದು 2018ರ ಫೆಬ್ರವರಿಯಲ್ಲಿ. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದಿತ್ತು.

ಊಟಕ್ಕೆ ಕೂತ ಅಂಗಡಿಯ ಮಾವಶಿ ಅಕ್ಕಿ ರೊಟ್ಟಿ ಬಡಿಯುತ್ತಲೇ ಮಾತಾಡಿದರು. ಅವರದು ಮರಾಠಿ, ಭಾವನದು ಕನ್ನಡ, ನಡುವೆ ನಾನು ದುಭಾಷಿ. ಕರೆಂಟು ಬಂದ ಮೇಲೆ ಫ್ರಿಜ್ ಬಂತು, ಹಿಡಿದ ಮೀನು ಮರುದಿನಕ್ಕೂ ಉಳಿಯಿತು, ಸೊಸೆ ಟೀವಿ ಬಿಟ್ಟು ಏಳುವುದಿಲ್ಲ. ಆದರೆ ಮಗ? ಕಾಲೇಜಿಗೆ ಅಂತ ಉರಣಕ್ಕೆ ಹೋದವನು ಅಲ್ಲೇ ಖೋಲಿ ಹಿಡಿದ. ಮಳೆಗಾಲದಲ್ಲಿ ಸಮುದ್ರ ಕೆರಳಿದರೆ ಗೇಟ್‌ವೇ ದೋಣಿ ಬಂದ್, ವ್ಯಾಪಾರವೂ ಬಂದ್. ಇಳಿತದ ಹೊತ್ತಿಗೆ ಉರಣದ ಮೋರಾ ಧಕ್ಕೆಗೆ ದೋಣಿ ತಾಗುವುದಿಲ್ಲ, ಕೆಸರು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ದೋಣಿಯವನ ಬಾಗಿಲು ಬಡಿಯಬೇಕು, ಆಮೇಲೆ ನೀರು ಏರಿದೆಯೋ ಇಲ್ಲವೋ ನೋಡಬೇಕು.

ಇಷ್ಟನ್ನೂ ನಾನು ಕನ್ನಡಕ್ಕೆ ತಿರುಗಿಸುವ ಮುಂಚೆಯೇ ಭಾವ ತಲೆಯಾಡಿಸುತ್ತಿದ್ದರು. ಬಾಗಿಲು ಬಡಿಯುವ ಕತೆಗೆ ದುಭಾಷಿ ಬೇಕಾಗಲಿಲ್ಲ.

ಹದಿನೇಳು ಸಾವಿರ ದ್ವೀಪಗಳ ಇಂಡೋನೇಷ್ಯಾದಲ್ಲಿ ವಾರಕ್ಕೊಮ್ಮೆ ಹಡಗು ಬರುವ ಹಳ್ಳಿ ಇದ್ದರೆ ಅದಕ್ಕೆ ಸಮುದ್ರವನ್ನೇ ದೂರಬಹುದು. ಇಲ್ಲಿ ಸಮುದ್ರವನ್ನು ದೂರುವ ಹಾಗಿಲ್ಲ. ಭಾಯಂದರ್, ನಾಯಗಾಂವ್ ನಡುವಿನ ಖಾಡಿಯಲ್ಲಿ ಪಾಂಜು ಎಂಬ ದ್ವೀಪವಿದೆ. ವಿರಾರ್ ಲೋಕಲ್‌ಗಳು ಅದರ ಮೇಲೆಯೇ ಓಡುತ್ತವೆ, ನಿಲ್ಲುವುದಿಲ್ಲ. ಘಾರಾಪುರಿಯ ಉತ್ತರಕ್ಕೆ 21.8 ಕಿಲೋಮೀಟರಿನ ಅಟಲ್ ಸೇತು 2024ರ ಜನವರಿಯಲ್ಲಿ ತೆರೆಯಿತು. ಅದೇ ತಿಂಗಳು ನೆರೂಲಿನಿಂದ ಉರಣದವರೆಗೆ ಲೋಕಲ್ ಗಾಡಿಯೂ ಬಂತು. ಎರಡೂ ಒಳ್ಳೆಯ ಕೆಲಸವೇ. ನಡುವೆ ಕೂತ ಊರಿಗೆ ಮಾತ್ರ ಅದೇ ದೋಣಿ, ಅದೇ ಕೆಸರು.

ದ್ವೀಪಕ್ಕೆಂದು ಈಗ ಕೇಳಿಬರುವ ದೊಡ್ಡ ಯೋಜನೆ ಶಿವಡಿಯಿಂದ ಎಂಟು ಕಿಲೋಮೀಟರಿನ ರೋಪ್‌ವೇ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅದು ನನ್ನಂಥವನನ್ನು ಬೆಳಿಗ್ಗೆ ಕರೆತಂದು ಸಂಜೆ ಒಯ್ಯಲು. ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ, ಗುಹೆಗಳ ಸುತ್ತ ಕಟ್ಟಡಕ್ಕೆ ಪುರಾತತ್ವ ಇಲಾಖೆಯ ಕಟ್ಟುಪಾಡು. ಅದೂ ಸರಿಯೇ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಸದಾಶಿವನ ನೆತ್ತಿಯ ಮೇಲೆ ರೆಸಾರ್ಟು ಎದ್ದಿರುತ್ತಿತ್ತು. ಇನ್ನೊಂದು ಶಿವಾಲಯವನ್ನು, 1060ರ ನಮ್ಮ ಅಂಬರನಾಥದ ಶಿಲಾಹಾರರ ಗುಡಿಯನ್ನು, ಪಕ್ಕದಲ್ಲೇ ಇಟ್ಟುಕೊಂಡು ಅದರ ಬುಡದ ವಾಲಧುನಿ ಹೊಳೆಯನ್ನು ಕಾರ್ಖಾನೆಯ ನೀರಿನಿಂದ ಕಪ್ಪು ಮಾಡಿಕೊಂಡವರು ನಾವು. ಅಭಿವೃದ್ಧಿಯ ಪಾಠ ಹೇಳುವ ಯೋಗ್ಯತೆ ನಮಗಿಲ್ಲ. ಆದರೂ ಇಷ್ಟು ಹೇಳಬಲ್ಲೆ: ಆ ಊರಿಗೆ ಮೊದಲು ಬೇಕಾದದ್ದು ರಾತ್ರಿಯ ಒಂದು ದೋಣಿ, ಇಳಿತದಲ್ಲೂ ತಾಗುವ ಒಂದು ಧಕ್ಕೆ, ಮಕ್ಕಳು ಓದಿ ಸಂಜೆ ಮನೆಗೆ ಬರುವಂಥ ಏರ್ಪಾಡು. ರೋಪ್‌ವೇಗಿಂತ ಎಷ್ಟೋ ಅಗ್ಗ.

ಹೋಗುವವರು ಸೋಮವಾರ ಬಿಟ್ಟು ಹೋಗಿ, ಅಂದು ಗುಹೆಗೆ ರಜೆ. ಮನೆಯಿಂದ ಬುತ್ತಿ ಕಟ್ಟಿಕೊಳ್ಳಬೇಡಿ, ಊಟ ಅಲ್ಲಿಯವರ ಕೈಯಿಂದಲೇ ಕೊಂಡು ಮಾಡಿ. ಖಾಲಿ ಬಾಟಲಿ ಮಾತ್ರ ವಾಪಸು ತನ್ನಿ.