ಬಸುರಿ ಶುಗರ್, ಭಾಗ 3: ಇನ್ಸುಲಿನ್‌ಗೆ ನಾನು ಹೂಂ ಅಂದಿದ್ದು ಯಾಕೆ?

ಹೋದ ಪೋಸ್ಟ್ ನೋಡಿ ನಮ್ಮ ಬ್ಯಾಚಿನ ಹುಡುಗೀರೆಲ್ಲ ಕೇಳಿದ್ದು ಒಂದೇ: "ನೀನು ಸಿಹಿ ಮುಟ್ಟೋಳೇ ಅಲ್ವಲ್ಲೇ, ನಿಂಗ್ಯಾಕೆ ಬಂತು?" ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಹೊಟ್ಟೆಯಲ್ಲಿ ಮಗುವಿಗೆ ಊಟ ಮುಟ್ಟಿಸೋ ಮಾಸು ಇರುತ್ತಲ್ಲ, ಅದು ಬಿಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ತಿಂಗಳು ತುಂಬಿದಂತೆ ಅಡ್ಡಿ ಜಾಸ್ತಿ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸಿ ಸರಿದೂಗಿಸುತ್ತೆ, ಕೆಲವರ ಕೈಲಿ ಆಗಲ್ಲ. ಮನೆತನದಲ್ಲಿ ಶುಗರ್ ಇದ್ದರೆ ಸಾಧ್ಯತೆ ಹೆಚ್ಚು. ನಮ್ಮಪ್ಪನಿಗಿದೆ. ಹಾಗಾಗಿ ಸೀಮಂತದ ಹೋಳಿಗೆ ಮೇಲೆ ತಪ್ಪು ಹೊರಿಸಬೇಡಿ.

ಸರ್ಕಾರದ ನಿಯಮದ ಪ್ರಕಾರ ಈ ಪರೀಕ್ಷೆ ಎರಡು ಸಲ: ಮೊದಲ ಭೇಟಿಯಲ್ಲಿ ಒಂದು, 24ರಿಂದ 28ನೇ ವಾರದೊಳಗೆ ಇನ್ನೊಂದು. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿಸ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತಗೋತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿ ಶುಗರ್. ನನಗೆ ಮೊದಲನೆಯದು ನಾರ್ಮಲ್, ಎರಡನೆಯದು 162. ಬಾಯಾರಿಕೆ, ಸುಸ್ತು ಏನೂ ಇರಲಿಲ್ಲ. ಆ ಎರಡನೇ ಪರೀಕ್ಷೆ ಆಗದೇ ಹೋಗಿದ್ದರೆ ಗೊತ್ತೇ ಆಗ್ತಿರಲಿಲ್ಲ.

ಮೊದಲ ಎರಡು ವಾರ ಊಟದಲ್ಲೇ ನೋಡೋಣ ಅಂದ್ರು. ನಮ್ಮ ಐಮಂಗಲದ ಕಡೆ ಒಂದು ನಂಬಿಕೆ: ರಾಗಿ ಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ. ಏರುತ್ತೆ ಕಣ್ರೇ! ರಾಗಿಯಲ್ಲೂ ಪಿಷ್ಟವೇ ಇರೋದು. ಮುದ್ದೆ ಬಿಡಬೇಕಿಲ್ಲ, ಗಾತ್ರ ಇಳಿಸಬೇಕು. ಅರ್ಧ ಮುದ್ದೆ, ತಟ್ಟೆ ತುಂಬ ಸೊಪ್ಪು, ಹುರುಳಿಕಾಳು ಪಲ್ಯ, ಮೊಟ್ಟೆ, ಮಜ್ಜಿಗೆ. ನಡುವೆ ಹಸಿವಾದರೆ ಒಂದು ಹಿಡಿ ಕಡಲೆಬೀಜ. ಊಟ ಆದ್ಮೇಲೆ ಹದಿನೈದು ನಿಮಿಷ ನಡಿಗೆ. ಹೈವೇ ಕಡೆ ಲಾರಿ ಕಾಟ, ಅದಕ್ಕೆ ಊರೊಳಗಿನ ಬೀದಿಯಲ್ಲೇ.

ಇಷ್ಟಾದರೂ ಊಟದ ಎರಡು ಗಂಟೆ ನಂತರ 134, 138. 120ರ ಒಳಗಿರಬೇಕಿತ್ತು. ಡಾಕ್ಟರ್ ಇನ್ಸುಲಿನ್ ಅಂದ್ರು. ಮನೆಗೆ ಬಂದರೆ ದೊಡ್ಡತ್ತೆ, "ಸೂಜಿ ಒಂದ್ಸಲ ಹಿಡಿದ್ರೆ ಸಾಯೋವರ್ಗೂ ಬಿಡಲ್ಲ ಕಣವ್ವ, ಮಗೀಗೂ ಹತ್ತುತ್ತೆ" ಅಂದ್ರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಇದನ್ನೇ ಡಾಕ್ಟರ್ ಹತ್ರ ಕೇಳಿದೆ. ನನ್ನ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತೆ, ಚುಚ್ಚಿಕೊಂಡ ಇನ್ಸುಲಿನ್ ದಾಟಲ್ಲ ಅಂದ್ರು. ಆ ಸಕ್ಕರೆಗೆ ಮಗು ತಾನೇ ಇನ್ಸುಲಿನ್ ಸುರಿಸಿ ಅತಿಯಾಗಿ ದಪ್ಪ ಆಗಬಹುದು, ಹೆರಿಗೆ ಕಷ್ಟ ಆಗಬಹುದು. ಹುಟ್ಟಿದ ಕೂಡಲೇ ನನ್ನಿಂದ ಸಕ್ಕರೆ ನಿಂತು, ಮಗುವಿನ ಶುಗರ್ ದಿಢೀರ್ ಕುಸಿಯಲೂಬಹುದು. ಇಷ್ಟು ಕೇಳಿದ ಮೇಲೆ ಸೂಜಿ ಭಯ ಚಿಕ್ಕದಾಯ್ತು. ಹೂಂ ಅಂದೆ.

"ಇದೆಲ್ಲ ಈಗಿನ ಪಿಜ್ಜಾ ಕಾಲದ ಕಾಯಿಲೆ" ಅನ್ನೋರಿಗೆ ಒಂದು ಮಾತು. 1997-98ರಲ್ಲೇ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಅಧ್ಯಯನಕ್ಕಾಗಿ ಪರೀಕ್ಷಿಸಿದಾಗ 100 ಬಸುರಿಯರಲ್ಲಿ ಸುಮಾರು 6 ಮಂದಿಗೆ ಇದು ಸಿಕ್ಕಿತ್ತು. ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಉಳಿದ ಮಕ್ಕಳಿಗಿಂತ ಮೈಯಲ್ಲಿ ಕೊಬ್ಬು ಹೆಚ್ಚಿದ್ದದ್ದು ಕಂಡಿತು.

ನನ್ನ ಮಗಳು ಹುಟ್ಟಿದಾಗ 3 ಕೆಜಿ 100 ಗ್ರಾಂ. ಪುಟ್ಟ ಹಿಮ್ಮಡಿ ಚುಚ್ಚಿ ಚುಚ್ಚಿ ಶುಗರ್ ನೋಡಿದ್ರು, ಸರಿಯಿತ್ತು. ಹೆರಿಗೆ ಆದ್ಮೇಲೆ ನನ್ನ ಇನ್ಸುಲಿನ್ ನಿಂತೇಹೋಯ್ತು. ಆರು ವಾರಕ್ಕೆ ಮತ್ತೆ ಅದೇ ಗ್ಲೂಕೋಸ್ ನೀರು, ನಾರ್ಮಲ್ ಬಂತು. ಆದರೂ ಮುಂದೆ ನನಗೆ ಶುಗರ್ ಬರೋ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸ್ತೀನಿ.

ನಿಮ್ಮಲ್ಲಿ ಯಾರಾದರೂ, ಇಲ್ಲಾ ನಿಮ್ಮ ಅಕ್ಕ, ಅತ್ತಿಗೆ ಬಸುರಿ ಇದ್ದರೆ ತಾಯಿ ಕಾರ್ಡ್ ತೆಗೆದು ನೋಡಿ. ಎರಡನೇ ಶುಗರ್ ಪರೀಕ್ಷೆ ಬರೆದಿದ್ದಾರಾ? ಇಲ್ಲದಿದ್ದರೆ ಕೇಳಿ ಮಾಡಿಸ್ಕೊಳ್ಳಿ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ.

ಭಾಗ 4ರಲ್ಲಿ ನನ್ನ ಒಂದು ವಾರದ ಊಟದ ಪಟ್ಟಿ ಹಾಕ್ತೀನಿ. ಏನಾದ್ರೂ ಕೇಳೋದಿದ್ರೆ ಕಾಮೆಂಟ್ ಮಾಡಿ.

#ಬಸುರಿಶುಗರ್ #ಐಮಂಗಲ #ಹಿರಿಯೂರು #ತಾಯಿಕಾರ್ಡ್