ಗಾಲ್ಫ್ ಆಟದಲ್ಲಿ ಕಾಲಪ್ರಮಾಣ

ಬಲವುಳ್ಳವನಿಗೆ ಬಲವೇ ಶತ್ರುವಾಗುವ ಆಟವೊಂದುಂಟು, ಅದು ಗಾಲ್ಫ್. ಸ್ಕಾಟ್ಲೆಂಡಿನ ಕಡಲತೀರದ ಹುಲ್ಲುಗಾವಲುಗಳಲ್ಲಿ ಬೆಳೆದ ಈ ಆಟವು ನಮ್ಮ ಬೆಂಗಳೂರಿಗೆ ಬಂದು ಬಹುಕಾಲವಾಯಿತು. ಇಲ್ಲಿಯ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾದುದು. ನಾವು ಇದನ್ನು ಕೈಗೊಂಡುದು ಅರುವತ್ತು ವರ್ಷ ಕಳೆದ ಮೇಲೆ. ಸೊಂಟದ ಬಿಗಿತವೂ ತೋಳಿನ ನಿಶ್ಶಕ್ತಿಯೂ ಹೆಚ್ಚುತ್ತಿರುವ ಈ ವಯಸ್ಸಿನಲ್ಲಿ ಬೆಳಗಾಗೆದ್ದು ಮನೆಯಿಂದ ಹೊರಡಲು ನಮಗಿರುವ ಕಾರಣ ಇದೊಂದೇ. ಅದನ್ನು ಉಳಿಸಿಕೊಳ್ಳುವ ಸಲುವಾಗಿ ಬಲದ ಹಂಬಲವನ್ನು ಬಿಟ್ಟು ಕಾಲಪ್ರಮಾಣವನ್ನು ಅಭ್ಯಸಿಸತೊಡಗಿದೆವು.

ಕೋಲನ್ನು ಹಿಂದಕ್ಕೆತ್ತಲು ಎಷ್ಟು ಕಾಲ ಹಿಡಿಯಬೇಕು, ಇಳಿಸಲು ಎಷ್ಟು? ಅಮೆರಿಕದ ಜಾನ್ ನೊವೊಸೆಲ್ ಎಂಬವರು ಪ್ರಸಿದ್ಧ ಆಟಗಾರರ ಚಲಚ್ಚಿತ್ರಗಳನ್ನು ಒಂದೊಂದೇ ಚಿತ್ರವಾಗಿ ಎಣಿಸಿ, ಏರುವ ಕಾಲವು ಇಳಿದು ಚೆಂಡನ್ನು ತಾಕುವ ಕಾಲದ ಮೂರರಷ್ಟಿರುವುದೆಂದು 2004ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತಿಳಿಸಿದರು. ಸೆಕೆಂಡಿಗೆ 30 ಚಿತ್ರಗಳ ಲೆಕ್ಕದಲ್ಲಿ ಒಬ್ಬರಿಗೆ 27ಕ್ಕೆ 9, ಮತ್ತೊಬ್ಬರಿಗೆ 24ಕ್ಕೆ 8, ಇನ್ನೂ ಚುರುಕಾದವರಿಗೆ 21ಕ್ಕೆ 7. ವೇಗ ಬೇರೆ, ಪ್ರಮಾಣ ಒಂದೇ. ಸಂಗೀತವುಳ್ಳ ಮನೆಗಳಲ್ಲಿ ಇದನ್ನು ವಿವರಿಸಬೇಕಾದುದಿಲ್ಲ. ವಿಳಂಬದಲ್ಲಾಗಲಿ ದ್ರುತದಲ್ಲಾಗಲಿ ಚತುರಶ್ರದ ಎಣಿಕೆ ನಾಲ್ಕೇ ಅಲ್ಲವೆ? ‘ತ’ ಎನ್ನುವಾಗ ಕೋಲು ಹೊರಡುವುದು, ‘ಕ’, ‘ಧಿ’ಗಳಲ್ಲಿ ಏರುವುದು, ‘ಮಿ’ ಎನ್ನುವಲ್ಲಿ ತಿರುಗುವುದು, ಮರಳಿ ‘ತ’ ಬರುವಾಗ ಸಮಕ್ಕೆ ಸರಿಯಾಗಿ ಚೆಂಡನ್ನು ತಾಕುವುದು.

ಕಠಿನವಾದುದು ಆ ತಿರುಗುವ ಗಳಿಗೆ. ಬಲಗೈ ಆಟಗಾರನಲ್ಲಿ ಕೋಲು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ದೇಹಭಾರವು ಎಡಗಾಲಿನ ಕಡೆಗೆ ಸರಿಯತೊಡಗಬೇಕು. ಆಮೇಲೆ ಸೊಂಟ, ಎದೆ, ತೋಳು, ಕೋಲು ಈ ಕ್ರಮದಲ್ಲಿ ಒಂದನ್ನೊಂದು ಹಿಂಬಾಲಿಸತಕ್ಕದ್ದು. ಒಗೆಯುವ ಕಲ್ಲಿನ ಮುಂದೆ ನಿಂತವರನ್ನು ನೋಡಿರಿ: ಸೀರೆಯ ತುದಿ ಬೆನ್ನ ಹಿಂದೆ ಹಾರುತ್ತಿರುವಾಗಲೇ ಮೈ ಮುಂದಕ್ಕೆ ಬಾಗಿರುತ್ತದೆ. ಇದಕ್ಕೆ ಬದಲಾಗಿ ಕೈಗಳೂ ಭುಜಗಳೂ ಮೊದಲೇ ಧಾವಿಸಿದರೆ ಕೋಲು ಹೊರಗಿನಿಂದ ಒಳಕ್ಕೆ ಓರೆಯಾಗಿ ಬಂದು, ಚೆಂಡು ಬಲಕ್ಕೆ ಬಾಗಿ ಹೋಗುವ ಸಂಭವವೇ ಹೆಚ್ಚು. ಒಂದು ಸೆಕೆಂಡನ್ನು 2000 ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು ಹೊತ್ತು ಮಾತ್ರ ಕೋಲು ಚೆಂಡನ್ನು ಮುಟ್ಟಿರುತ್ತದೆ. ಆಗ ತಿದ್ದಿಕೊಳ್ಳಲು ಅವಕಾಶವೆಲ್ಲಿಯದು? 2021ರ ಮಾಸ್ಟರ್ಸ್ ಪಂದ್ಯವನ್ನು ಗೆದ್ದ ಜಪಾನಿನ ಹಿಡೆಕಿ ಮತ್ಸುಯಾಮ, ಕೋಲು ಮೇಲೇರಿದಲ್ಲಿ ಕ್ಷಣಕಾಲ ತಂಗುವುದಕ್ಕೆ ಹೆಸರಾದವರು.

ಸಂಜೆಯ ಹೊತ್ತು ನಾವು ಹಿತ್ತಲಲ್ಲಿ ಚೆಂಡಿಲ್ಲದೆ, ಪಾದಗಳೆರಡನ್ನೂ ಜೋಡಿಸಿ, ಕೋಲನ್ನು ಅರ್ಧದಷ್ಟೇ ಎತ್ತಿ ಅಭ್ಯಾಸ ಮಾಡುವೆವು. ಅವಸರವಾದರೆ ಮೈ ತಾನಾಗಿ ತೂಗಾಡಿ ಎಚ್ಚರಿಸುವುದು. ನಮ್ಮ ಮನೆಯವರು ಜಗಲಿಯ ಮೇಲೆ ಕುಳಿತು ತಾಳ ಹಾಕುವರು. “ಸಮ ಎಲ್ಲಿಗೂ ಓಡಿಹೋಗುವುದಿಲ್ಲ, ನಿಧಾನವಾಗಿ ಬನ್ನಿ” ಎಂದು ಒಮ್ಮೆ ಅವರೆಂದ ಮಾತು ನಮಗೆ ಉಪದೇಶವೇ ಆಗಿದೆ.

ತರುಣರ ಚೆಂಡಿನಷ್ಟು ದೂರ ನಮ್ಮದು ಹೋಗದು. ಆದರೆ ಅದು ನೆಟ್ಟಗೆ ಹೋಗುವುದು. ಮರುದಿನ ಬೆಳಗ್ಗೆ ಸೊಂಟವೂ ನೋಯದು. ವಯಸ್ಸು ಬಲವನ್ನು ಕೊಂಡೊಯ್ಯಬಹುದು. ತಾಳಜ್ಞಾನವನ್ನು ಕೊಂಡೊಯ್ಯಲು ಅದಕ್ಕಿನ್ನೂ ಆತುರವಿದ್ದಂತೆ ಕಾಣುವುದಿಲ್ಲ.